ತಪ್ಪೆಲ್ಲ ಕೋವಿಯ ಮರದ್ದು

ಕೋವಿ ರಿಪೇರಿ ಅಂಗಡಿಗೆ ಬರುವ ಗಿರಾಕಿ ಹೊಸಿಲು ದಾಟುವ ಮುಂಚೆಯೇ ಹೇಳುವ ಮಾತೊಂದಿದೆ. "ಗುಂಡು ನೆಟ್ಟಗೆ ಹೋಗ್ತಿಲ್ಲ ಕಣ್ರೀ ಸಾಬ್ರೇ." "ನಾನು ನೆಟ್ಟಗೆ ಹೊಡೀತಿಲ್ಲ" ಎಂದವರನ್ನು ನಾನು ಕೆಲಸ ಮಾಡಿದಷ್ಟು ಕಾಲ ಕಾಣಲಿಲ್ಲ. ಕಣ್ಣಿಗೆ ಪೊರೆ ಬಂದವರು, ಕೈ ನಡುಗುವವರು, ಬೆಳಗ್ಗೆಯೇ ಒಂದು ಗುಟುಕು ಏರಿಸಿಕೊಂಡು ಬಂದವರು, ಎಲ್ಲರ ಗುಂಡೂ ಕೋವಿಯ ತಪ್ಪಿನಿಂದಲೇ ಅಡ್ಡ ಹೋಗುತ್ತಿತ್ತು. ಈ ಕಸುಬಿಗೆ ಬರಬೇಕೆಂದಿರುವವರು ಯಾರಾದರೂ ಇನ್ನೂ ಉಳಿದಿದ್ದರೆ ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಉಳಿ ಹಿಡಿಯುವುದನ್ನು ಯಾರಾದರೂ ಕಲಿಸಿಯಾರು, ಗಿರಾಕಿಯನ್ನು ಸಂಭಾಳಿಸುವುದನ್ನು ಯಾರೂ ಕಲಿಸುವುದಿಲ್ಲ.

ನಮ್ಮ ಅಂಗಡಿ ಇದ್ದದ್ದು ತಿಪಟೂರಿನಲ್ಲಿ, ಕೊಬ್ಬರಿ ಮಂಡಿಗಳ ಹಿಂದಿನ ಗಲ್ಲಿಯಲ್ಲಿ. ಲೈಸೆನ್ಸು ನನ್ನ ತಂದೆಯ ತಮ್ಮ ಕರೀಂ ಚಾಚಾ ಹೆಸರಿನಲ್ಲಿತ್ತು. ಚಾಚಾ ಗಿರಾಕಿಗಳ ಮುಂದೆ ಬೆಣ್ಣೆ, ನನ್ನ ಮುಂದೆ ಬೆಂಕಿ. ಗಿರಾಕಿ ಏನು ಹೇಳಿದರೂ ಕೋವಿಯ ಮರದ ಹಿಡಿ ಸವರುತ್ತ ಅವರು ಕೊಡುವ ಉತ್ತರ ಒಂದೇ: "ಹೌದು ಸ್ವಾಮಿ, ಮರದ್ದೇ ತಪ್ಪು." ಗಿರಾಕಿ ಖುಷಿಯಾಗಿ ಕೋವಿ ಬಿಟ್ಟು ಹೋಗುತ್ತಿದ್ದರು. ಅವರು ಗಲ್ಲಿಯ ತಿರುವು ದಾಟಿದ ಮೇಲೆ ಚಾಚಾ ನನ್ನ ಕಡೆ ತಿರುಗಿ, "ಇವನ ಕೈಗೆ ಕೋವಿ ಕೊಟ್ಟೋರ್ಗೆ ಹೇಳ್ಬೇಕು ಬೇಟಾ" ಎನ್ನುತ್ತಿದ್ದರು. ಗಿರಾಕಿಯ ಕೈ ಯಾವತ್ತೂ ಸರಿ, ಮರ ಯಾವತ್ತೂ ತಪ್ಪು. ನಮ್ಮ ಮನೆಯ ಒಲೆ ಉರಿದದ್ದು ಈ ಒಂದು ಸುಳ್ಳಿನಿಂದ.

ಹಾಗೆಂದು ಅದು ಪೂರ್ತಿ ಸುಳ್ಳೂ ಅಲ್ಲ. ಬೇಟೆಯ ರೈಫಲ್ಲಿನಲ್ಲಿ ಕಬ್ಬಿಣದ ಭಾಗ ಮರದ ಮೈಯೊಳಗೆ ಕೂತಿರುತ್ತದೆ. ಅದು ಅಲುಗಾಡದ ಹಾಗೆ ಕೂರಬೇಕು. ಆದರೆ ಗುಂಡು ಹಾಯುವ ಮುಂದಿನ ನಳಿಗೆಗೆ ಮರ ಎಲ್ಲೂ ಒತ್ತಬಾರದು. ಮಳೆಗಾಲದಲ್ಲಿ ಮರ ಉಬ್ಬಿ ಒಂದು ಪಕ್ಕಕ್ಕೆ ಒತ್ತಿದರೆ ಗುಂಡು ಇನ್ನೊಂದು ಪಕ್ಕಕ್ಕೆ ಹೋಗುತ್ತದೆ. ಚಾಚಾ ಕಲಿಸಿದ ಹಳೆಯ ಪದ್ಧತಿಯೆಂದರೆ, ಕಬ್ಬಿಣವನ್ನು ಸೀಮೆಎಣ್ಣೆ ಬುಡ್ಡಿಯ ಹೊಗೆಗೆ ಹಿಡಿದು ಮಸಿ ಹತ್ತಿಸುವುದು, ಮರದಲ್ಲಿ ಕೂರಿಸಿ ತೆಗೆಯುವುದು, ಮರಕ್ಕೆ ಮಸಿ ಅಂಟಿದ ಕಡೆ ಉಳಿಯಿಂದ ಹೆರೆಯುವುದು. ಮತ್ತೆ ಮಸಿ, ಮತ್ತೆ ಹೆರೆಯುವುದು. ಕೊನೆಗೆ ನಳಿಗೆಗೂ ಮರಕ್ಕೂ ನಡುವೆ ಹಳೆಯ ಲಗ್ನಪತ್ರಿಕೆಯ ಒಂದು ಚೂರನ್ನು ತೂರಿಸಿ ಎಳೆದರೆ ಅದು ತಡೆಯಿಲ್ಲದೆ ಓಡಬೇಕು. ಸಂಜೆ ಮನೆಗೆ ಹೋಗುವಾಗ ನನ್ನ ಮುಖ ನೋಡಿ, ಕಲ್ಲಿದ್ದಲು ಇಂಜಿನ್ನಿನಲ್ಲಿ ಕೆಲಸ ಸಿಕ್ಕಿತೇ ಎಂದು ಕೇಳುವವರಿದ್ದರು.

ತೊಂಬತ್ತರ ದಶಕದಲ್ಲಿ ಎರಡು ಟ್ಯೂಬಿನ ಅಂಟು ಬಂತು. ಎರಡನ್ನೂ ಕಲಸಿ, ನುಣುಪು ಪುಡಿ ಬೆರೆಸಿ ಮರದ ಗುಳಿಯಲ್ಲಿ ಹಾಕಿ, ಮೇಲೆ ಕಬ್ಬಿಣ ಕೂರಿಸಿದರೆ ಅದು ಒಣಗಿ ಕಲ್ಲಾಗುತ್ತದೆ. ಅಚ್ಚು ಹೊಯ್ದ ಹಾಗೆ ಕಬ್ಬಿಣಕ್ಕೆ ತಕ್ಕ ಹಾಸಿಗೆ ಸಿದ್ಧ. ಒಂದೇ ಎಚ್ಚರಿಕೆ, ಕಬ್ಬಿಣಕ್ಕೆ ಮೊದಲೇ ಬೂಟ್ ಪಾಲಿಶ್ ಚೆನ್ನಾಗಿ ಬಳಿದಿರಬೇಕು. ಇಲ್ಲದಿದ್ದರೆ ಕಬ್ಬಿಣವೂ ಮರವೂ ಗಂಡಹೆಂಡಿರಾಗಿಬಿಡುತ್ತವೆ. ಚಾಚಾ ಈ ಅಂಟನ್ನು ಕೊನೆಯವರೆಗೂ ನಂಬಲಿಲ್ಲ. "ಟ್ಯೂಬಿಂದ ಪೇಸ್ಟು ಬರ್ತದೆ, ಕಸುಬು ಬರ್ತದೇನೋ?" ಎಂದು ಕೇಳುತ್ತಿದ್ದರು. ಆದರೆ ಅವರ ಕೈ ನಡುಗಲು ಶುರುವಾದ ಮೇಲೆ ನಾನು ಅಂಟು ಕಲಸುವಾಗ ಬೇಕೆಂದೇ ಬೇರೆ ಕಡೆ ನೋಡುತ್ತಿದ್ದರು.

ಅಂಟು ಹಾರ್ಡ್‌ವೇರ್ ಅಂಗಡಿಯಲ್ಲೂ ಸಿಗುತ್ತಿದ್ದುದರಿಂದ ನಮ್ಮ ಸೀಮೆಯಲ್ಲಿ ಮನೆಮನೆಗೂ ಕೋವಿ ಪಂಡಿತರು ಹುಟ್ಟಿಕೊಂಡರು. ತುರುವೇಕೆರೆಯ ಒಬ್ಬ ಕಂಟ್ರಾಕ್ಟರ್, ಅಂಟು ಯಾಕೆ ಎಂದು ಸಿಮೆಂಟು ತುಂಬಿದ್ದ. ಆ ಕೋವಿಯನ್ನು ಹೆಗಲಿಗೇರಿಸಲು ಇಬ್ಬರು ಬೇಕಾಗಿತ್ತು. ಚಿಕ್ಕನಾಯಕನಹಳ್ಳಿಯ ಕಡೆಯಿಂದ ಬಂದವನೊಬ್ಬ ಕಂಬಳಿಯ ಚೂರುಗಳನ್ನು ಗಿಡಿದಿದ್ದ. "ಚಳೀಲಿ ಬೆಚ್ಚಗಿರ್ಲಿ ಅಂತ" ಎಂದ. ಕಂಬಳಿ ನೀರು ಕುಡಿದು ಒಳಗಿನ ಕಬ್ಬಿಣವೆಲ್ಲ ತುಕ್ಕು ಹಿಡಿದಿತ್ತು. ಇವರನ್ನೆಲ್ಲ ನಾನು ನಕ್ಕು ಮರೆತಿದ್ದೇನೆ. ಮರೆಯಲಾಗದಿದ್ದದ್ದು ದಂಡಿನಶಿವರದ ಯಜಮಾನರ ರೈಫಲ್ಲು.

ಯಜಮಾನರೆಂದರೆ ಪುಟ್ಟಸಿದ್ದಪ್ಪನವರು. ದಂಡಿನಶಿವರದಲ್ಲಿ ದೊಡ್ಡ ತೆಂಗಿನ ತೋಟ. ಮೀಸೆ ಅದಕ್ಕಿಂತ ದೊಡ್ಡದು. ರೈಫಲ್ಲು ಅವರ ತಾತನದು. ತಾತ ಚಿರತೆಯೊಂದರ ಮೇಲೆ ಕಾಲಿಟ್ಟು ನಿಂತ ಫೋಟೋ ಹಜಾರದಲ್ಲಿ ತೂಗುತ್ತಿತ್ತು. ಬೇಟೆಗೆ ಕಾನೂನು ಅಡ್ಡ ಬಂದು ಎಷ್ಟೋ ಕಾಲವಾಗಿತ್ತು, ಬೇಟೆಯ ಮಾತು ಮಾತ್ರ ನಿಂತಿರಲಿಲ್ಲ. ಮೊಮ್ಮಗನ ಕಾಲಕ್ಕೆ ಅದು ಬೆಳೆ ಕಾಯುವ ಲೈಸೆನ್ಸಿನ ಕೋವಿ. ತೆಂಗಿನ ಸಸಿಗಳನ್ನು ಬುಡಮೇಲು ಮಾಡುವ ಹಂದಿಗಳನ್ನು ಬೆದರಿಸುವುದಷ್ಟೇ ಅದರ ಪಾಲಿಗೆ ಉಳಿದ ಶೌರ್ಯ. ಹಂದಿಗಳು ಬೆದರುತ್ತಿರಲಿಲ್ಲ ಎಂಬುದು ಬೇರೆ ಮಾತು.

ಅವರ ಜೊತೆ ಯಾವಾಗಲೂ ಬರುತ್ತಿದ್ದವನು ಮಾಲಿಂಗ, ಅವರ ಹೆಂಡತಿ ಗಂಗಮ್ಮನ ತಮ್ಮ. ನಲವತ್ತರ ಆಸುಪಾಸು, ಮದುವೆಯಿಲ್ಲ, ಸ್ವಂತ ಸೂರಿಲ್ಲ. ದಬ್ಬೇಘಟ್ಟದಲ್ಲಿ ಸೈಕಲ್ ಅಂಗಡಿ ಇಟ್ಟು ಕೈಸುಟ್ಟುಕೊಂಡು ಅಕ್ಕನ ಮನೆ ಸೇರಿದ್ದ. ಭಾವನ ಛತ್ರಿ ಹಿಡಿಯುವುದು, ಭಾವ ಹೇಳಿದ್ದಕ್ಕೆ ಹೂಂಗುಟ್ಟುವುದು, ಭಾವ ನಕ್ಕ ಮೇಲೆ ನಗುವುದು, ಇವು ಅವನ ಕೆಲಸ. ಗುರಿ ಹೊಡೆಯುವ ಅಭ್ಯಾಸದ ದಿನ ಇನ್ನೊಂದು ಕೆಲಸವಿತ್ತು. ಊರಾಚೆಯ ಒಣ ಕಟ್ಟೆಯ ಏರಿಗೆ ತೆಂಗಿನ ಚಿಪ್ಪು ಸಿಕ್ಕಿಸಿ, ಪಕ್ಕದ ಬಂಡೆಯ ಹಿಂದೆ ಕೂತು, ತಾಗಿತೋ ಇಲ್ಲವೋ ಕೂಗಿ ಹೇಳುವುದು.

ಶುರುವಿನಲ್ಲಿ ತಪ್ಪು ನಿಜವಾಗಿಯೂ ಮರದ್ದೇ ಆಗಿತ್ತು. ಚುನಾವಣೆ ಬಂದಾಗ ಲೈಸೆನ್ಸಿನ ಕೋವಿಗಳನ್ನೆಲ್ಲ ಸ್ಟೇಷನ್ನಿನಲ್ಲಿ ಇಡಬೇಕು. ಒಂದು ವರ್ಷ ಅವು ಸೋರುವ ಮಾಡಿನ ಕೆಳಗೆ ಕೂತು, ಗೆದ್ದವರು ಸೋತವರು ಯಾರೆಂದು ಗೊತ್ತಾಗುವಷ್ಟರಲ್ಲಿ ಚೆನ್ನಾಗಿ ನೆನೆದಿದ್ದವು. ಯಜಮಾನರ ರೈಫಲ್ಲಿನ ಮರ ಉಬ್ಬಿತ್ತು. ಚಾಚಾ ಹೆರೆದು ಸರಿಮಾಡಿಕೊಟ್ಟರು. ಅಂದಿನಿಂದ ಯಜಮಾನರಿಗೆ ಒಂದು ಶಾಸ್ತ್ರವೇ ಸಿಕ್ಕಿದಂತಾಯಿತು. ಗುಂಡು ಮೇಲೆ ಹೋದರೆ ಮರ ಉಬ್ಬಿದೆ, ಕೆಳಗೆ ಹೋದರೆ ಮರ ಒಣಗಿದೆ, ಎಲ್ಲಿಗೂ ಹೋಗದಿದ್ದರೆ ಮರಕ್ಕೆ ದೃಷ್ಟಿಯಾಗಿದೆ.

"ಹಗಲಲ್ಲಿ ಚಿಪ್ಪಿಗೆ ಹೊಡೆದ್ರೆ ತಾಗ್ತದೆ ಸಾಬ್ರೇ" ಎನ್ನುತ್ತಿದ್ದರು ಯಜಮಾನರು. "ಮಾಲಿಂಗನ್ನೇ ಕೇಳಿ. ಹಂದಿಗೆ ಹೊಡೆದ್ರೆ ಮಾತ್ರ ಅಡ್ಡಡ್ಡ ಹೋಯ್ತದೆ. ಸಂಜೆ ತಂಪಿಗೆ ಮರ ಉಬ್ತದೆ ಅಂತ ಕಾಣ್ತದೆ."

"ಚಿಪ್ಪಿಗೆ ತಪ್ಪಂಗೇ ಇಲ್ಲ ಕಣ್ರೀ" ಎನ್ನುತ್ತಿದ್ದ ಮಾಲಿಂಗ, ನೆಲ ನೋಡಿಕೊಂಡು.

"ಹೌದು ಸ್ವಾಮಿ, ಮರದ್ದೇ ತಪ್ಪು" ಎನ್ನುತ್ತಿದ್ದರು ಚಾಚಾ. ನಾನು ಮತ್ತೆ ಬುಡ್ಡಿ ಹಚ್ಚುತ್ತಿದ್ದೆ.

ಒಂದು ಆಯುಧಪೂಜೆಗೆ ಸ್ವಲ್ಪ ಮುಂಚೆ ಯಜಮಾನರು ಅಂಗಡಿಗೆ ಬಂದಾಗ ನಾನು ಬೇರೆ ಯಾರದೋ ರೈಫಲ್ಲಿಗೆ ಅಂಟು ಹಾಕುವ ತಯಾರಿಯಲ್ಲಿದ್ದೆ. ಕಬ್ಬಿಣಕ್ಕೆ ಪಾಲಿಶ್ ಬಳಿಯುತ್ತಿದ್ದುದನ್ನು ಕಂಡು ಅವರ ಮೀಸೆ ನೆಟ್ಟಗಾಯಿತು.

"ಏನ್ರೀ ಅದು?"

"ಬೂಟ್ ಪಾಲಿಶ್ ಯಜಮಾನ್ರೇ. ಅಂಟು ಕಬ್ಬಿಣಕ್ಕೆ ಹಿಡೀಬಾರದಲ್ಲ, ಅದಕ್ಕೆ."

"ಥೂ! ಕುಂಕುಮ ಇಟ್ಟು ಪೂಜೆ ಮಾಡೋ ಆಯುಧಕ್ಕೆ ಕಾಲಿಗೆ ಬಳಿಯೋದ್ನ ಬಳೀತೀರಾ? ನಮ್ಮ ತಾತನ ಕೋವಿಗೆ ಹಿಂಗೆ ಮಾಡೀರಿ ಹುಷಾರ್!"

ಮೆರುಗಿನ ಮೇಣವೂ ನಡೆಯುತ್ತದೆ, ಅದನ್ನೇ ಬಳಿಯುತ್ತೇನೆ ಎಂದೆ. ಕೇಳುವಷ್ಟು ಹೊತ್ತು ಅವರು ನಿಲ್ಲಲಿಲ್ಲ. ನೇರ ಹಾರ್ಡ್‌ವೇರ್ ಅಂಗಡಿಗೆ ಹೋಗಿ ಎರಡು ಟ್ಯೂಬು ಕೊಂಡು ಬಸ್ಸು ಹತ್ತಿದರು. ಮನೆಯಲ್ಲಿ ತಾವೇ ಮರ ಕೂರಿಸುವುದೆಂದು ತೀರ್ಮಾನವಾಗಿತ್ತು.

ಮುಂದಿನ ಕಥೆಯನ್ನು ಮಾಲಿಂಗನೇ ನನಗೆ ಹೇಳಿದ್ದು. ಹಜಾರದಲ್ಲಿ ಮಣೆ ಹಾಕಿ, ರೈಫಲ್ಲು ಬಿಚ್ಚಿ, ಊದುಬತ್ತಿ ಹಚ್ಚಿದರಂತೆ. ಪಾಲಿಶ್ ಬದಲಿಗೆ ಮನೆಯ ಕೊಬ್ಬರಿಯಿಂದ ಗಾಣದಲ್ಲಿ ತೆಗೆಸಿದ ಎಣ್ಣೆ. ಚಳಿಯ ಬೆಳಗಾದ್ದರಿಂದ ಎಣ್ಣೆ ಗಟ್ಟಿಯಾಗಿ ಬೆಣ್ಣೆಯ ಹಾಗಿತ್ತು. ಅದನ್ನೇ ಕಬ್ಬಿಣಕ್ಕೆ ದಪ್ಪಗೆ ಮೆತ್ತಿದರು. ಅಂಟಿಗೆ ಬಲ ಬರಲೆಂದು ತೆಂಗಿನ ನಾರನ್ನು ಸಣ್ಣಗೆ ಕತ್ತರಿಸಿ ಬೆರೆಸಿದರು. "ತೆಂಗಿನಿಂದ ಆಗದಿರೋ ಕೆಲಸ ಯಾವ್ದೈತ್ಲಾ?" ಎಂದು ಮಾಲಿಂಗನನ್ನು ಕೇಳಿದರು. ಯಾವುದೂ ಇಲ್ಲ ಎಂದು ಮಾಲಿಂಗ ಒಪ್ಪಿದ.

ಅವರಿಬ್ಬರಿಗೂ ಗೊತ್ತಿರದಿದ್ದ ಸಂಗತಿಯೆಂದರೆ, ಆ ಅಂಟು ಗಟ್ಟಿಯಾಗುವಾಗ ತಾನೇ ಬಿಸಿಯಾಗುತ್ತದೆ. ಹೆಚ್ಚು ಹಾಕಿದಷ್ಟೂ ಹೆಚ್ಚು ಬಿಸಿ. ಇವರು ಒಬ್ಬಟ್ಟಿಗೆ ಹೂರಣ ತುಂಬಿದ ಹಾಗೆ ತುಂಬಿದ್ದರು. ಗಟ್ಟಿಯಾಗಿದ್ದ ಎಣ್ಣೆ ಕರಗಿ ಹರಿದುಹೋಯಿತು. ಅಂಟು ಕಬ್ಬಿಣವನ್ನು ಹಿಡಿಯಿತು, ಸ್ಕ್ರೂಗಳನ್ನು ಹಿಡಿಯಿತು, ನಾರಿನ ಸಮೇತ ಮರವನ್ನೂ ಹಿಡಿಯಿತು. ಮಾರನೆಯ ದಿನ ಬಿಚ್ಚಲು ಹೋದರೆ ರೈಫಲ್ಲು ಒನಕೆಯಾಗಿತ್ತು. ಗುಂಡು ತುಂಬಲು ಹಿಂದಕ್ಕೆಳೆಯುವ ಬೋಲ್ಟು ಮಿಸುಕದು, ಟ್ರಿಗರ್ ಕದಲದು. ಆ ವರ್ಷ ಆಯುಧಪೂಜೆಯಲ್ಲಿ ಅದಕ್ಕೆ ಕುಂಕುಮವಿಟ್ಟಾಗ ಗಂಗಮ್ಮ, "ಈಗ ಸರಿಯಾಯ್ತು ನೋಡಿ, ಯಾರಿಗೂ ಅಪಾಯ ಇಲ್ಲ" ಎಂದರಂತೆ.

ಯಜಮಾನರು ಅದನ್ನು ಗೋಣಿಚೀಲದಲ್ಲಿ ಸುತ್ತಿ ನಮ್ಮಲ್ಲಿಗೆ ತಂದರು. "ನೀವು ಮಾರೋ ಅಂಟು ಸರಿಯಿಲ್ಲ" ಎಂದರು. ನಾವು ಅಂಟು ಮಾರುತ್ತಿರಲಿಲ್ಲ. ಚಾಚಾ ರೈಫಲ್ಲನ್ನು ತಿರುಗಿಸಿ ನೋಡಿ, ಮೂಸಿ ನೋಡಿ, "ಒಗ್ಗರಣೆ ಒಂದು ಬಾಕಿ ಉಳೀತು" ಎಂದು ಉರ್ದುವಿನಲ್ಲಿ ನನಗೆ ಹೇಳಿ, ಯಜಮಾನರ ಕಡೆ ತಿರುಗಿ ಕೈಮುಗಿದು, "ಹೌದು ಸ್ವಾಮಿ, ಮರದ್ದೇ ತಪ್ಪು" ಎಂದರು.

ಆ ಮರವನ್ನು ಉಳಿಸಿಕೊಳ್ಳುವ ದಾರಿ ಇರಲಿಲ್ಲ. ಚಕ್ಕೆಚಕ್ಕೆಯಾಗಿ ಕೆತ್ತಿ ತೆಗೆದೆ. ಕಬ್ಬಿಣಕ್ಕೆ ಹತ್ತಿದ್ದ ಅಂಟನ್ನು ಹದವಾಗಿ ಬಿಸಿ ಮಾಡಿ ಬಿಡಿಸಿದೆ. ಅಂಗಡಿಯೆಲ್ಲ ಕೊಬ್ಬರಿ ಮಿಠಾಯಿ ಸೀದ ವಾಸನೆ. ಹೊಸ ಮರವನ್ನು ತೆಂಗಿನ ಕಾಂಡದಲ್ಲೇ ಮಾಡಬೇಕೆಂದು ಯಜಮಾನರು ಹಟ ಹಿಡಿದರು. ಅದು ಸಿಬಿರು ಸಿಬಿರಾಗಿ ಮೀಸೆಗೆ ಸಿಕ್ಕಿಕೊಳ್ಳುತ್ತದೆ ಎಂದಾಗ ಸುಮ್ಮನಾದರು. ಚೆನ್ನಾಗಿ ಒಣಗಿದ ಹೊನ್ನೆಯಲ್ಲಿ ಹೊಸ ಮರ ಕೆತ್ತಿದೆ. ಮೊದಲು ಚಾಚಾನ ಮಸಿ, ಆಮೇಲೆ ನನ್ನ ಅಂಟು, ಎರಡೂ ಪದ್ಧತಿಗಳಲ್ಲಿ ಕೂರಿಸಿದೆ. ಲಗ್ನಪತ್ರಿಕೆಯ ಚೂರು ಈ ತುದಿಯಿಂದ ಆ ತುದಿಗೆ ಸರಾಗ ಓಡಿತು. ಸುಳ್ಳು ವಿನಯ ಬೇಡ, ಅದು ನನ್ನ ಕೈಯಿಂದ ಆದ ಅತ್ಯುತ್ತಮ ಕೆಲಸ.

ಅದೇ ಸಮಯದಲ್ಲಿ ಅಂಗಡಿಯ ಲೈಸೆನ್ಸನ್ನು ಚಾಚಾ ಹೆಸರಿನಿಂದ ನನ್ನ ಹೆಸರಿಗೆ ಮಾಡಿಸುವ ಅರ್ಜಿ ಸರ್ಕಾರದ ಮುಂದಿತ್ತು. ಚಾಚಾನ ಕೈ ಪೂರ್ತಿ ಸೋತಿತ್ತು. ಹೊಸದಾಗಿ ಬಂದಿದ್ದ ಇನ್ಸ್‌ಪೆಕ್ಟರು ನನ್ನ ಕೆಲಸ ನೋಡಿ ಒಳ್ಳೆಯದಾಗಿ ಬರೆದರೆ ಅಂಗಡಿ ಉಳಿಯುತ್ತದೆ, ಇಲ್ಲವಾದರೆ ಬೀಗ. ನನಗೆ ಬೇರೆ ಕಸುಬು ಗೊತ್ತಿರಲಿಲ್ಲ. ಈ ವಿಷಯ ಯಜಮಾನರ ಕಿವಿಗೆ ಬಿತ್ತು. ಹೊಸ ಮರದ ರೈಫಲ್ಲನ್ನು ಹೆಗಲಿಗೆ ಆನಿಸಿ ನೋಡಿ ಖುಷಿಯಾಗಿದ್ದರು.

"ನೀವೇನೂ ಯೋಚ್ನೆ ಮಾಡ್ಬ್ಯಾಡಿ. ಇನ್ಸ್‌ಪೆಕ್ಟ್ರನ್ನ ನಮ್ಮೂರಿಗೇ ಕರೆಸ್ತೀನಿ. ಅವ್ರ ಕಣ್ಣೆದುರಿಗೇ ತೆಂಗಿನಕಾಯಿ ಹೊಡೆದು ತೋರಿಸ್ತೀನಿ. ಸಾಬ್ರ ಕೆಲಸ ಅಂದ್ರೆ ಇದು ಅಂತ ಗೊತ್ತಾಗ್ಲಿ."

ನಾನು ಕೈಮುಗಿದೆ. ಯಜಮಾನರು ಹೊರಗಿಳಿದರು. ಮಾಲಿಂಗ ಛತ್ರಿ ಮರೆತವನಂತೆ ಒಳಗೆ ಬಂದು ತಗ್ಗಿದ ದನಿಯಲ್ಲಿ, "ಸಾಬ್ರೇ, ಒಂದ್ಮಾತು. ಭಾವ ಹೊಡೆದ ಗುಂಡು ಒಂದಿನಾನೂ ಚಿಪ್ಪಿಗೆ ತಾಗಿಲ್ಲ" ಎಂದ.

"ಹಗಲಲ್ಲಿ ತಪ್ಪೋದೇ ಇಲ್ಲ ಅಂತಿದ್ದೆಯಲ್ಲಯ್ಯಾ?"

"ಚಿಪ್ಪು ಒಡೀತಿದ್ದೋನು ನಾನು. ಢಂ ಅಂದೇಟ್ಗೆ ಬಂಡೆ ಹಿಂದಿಂದ ಕಲ್ಲಲ್ಲಿ ಕುಟ್ಟಿ, ತಾಗ್ತು ಭಾವ ಅಂತ ಕೂಗ್ತಿದ್ದೆ. ಹಂದಿ ಹಿಂದೆ ನಾನಿರಕ್ಕಾಯ್ತದಾ? ಅದಕ್ಕೇ ಹಂದಿಗೆ ತಪ್ತಿತ್ತು."

ನಾನು ಸ್ಟೂಲಿನ ಮೇಲೆ ಕೂತೆ. ಹಗಲು ತಾಗಿ ಸಂಜೆ ತಪ್ಪುವ ಆ ವಿಚಿತ್ರಕ್ಕೆ ಚಾಚಾ ಮತ್ತು ನಾನು ಎಷ್ಟು ಸಲ ಮರ ಬಿಚ್ಚಿದ್ದೆವು, ಎಷ್ಟು ಮಸಿ ಕುಡಿದಿದ್ದೆವು!

"ಯಾಕೆ ತಪ್ತದೆ ಮತ್ತೆ? ನಾನು ಹೊಡೆದು ನೋಡಿದ್ದೀನಿ, ಕೋವಿ ನೆಟ್ಟಗಿದೆ."

"ಅದ್ನ ಕೇಳ್ಬ್ಯಾಡಿ ಸಾಬ್ರೇ. ಅನ್ನ ಹಾಕೋ ಮನೆ ಮಾತು." ಬಾಗಿಲ ಕಡೆ ಒಮ್ಮೆ ನೋಡಿದ. "ಆ ದಿನಾನೂ ಬಂಡೆ ಹಿಂದೆ ನಾನಿರ್ತೀನಿ. ನಿಮ್ ಲೈಸನ್ಸು ಬತ್ತದೆ ಬುಡಿ."

ನೋಡಿ, ಅಷ್ಟು ಅಚ್ಚುಕಟ್ಟಾಗಿ ಕೂರಿಸಿದ ಮರ, ಆದರೂ ನನ್ನ ಅಂಗಡಿ ಉಳಿಯಬೇಕಾದದ್ದು ಮಾಲಿಂಗನ ಕೈಯ ಕಲ್ಲಿನಿಂದ. ನನಗೆ ಸಿಟ್ಟು ಬರಬೇಕಿತ್ತು. ಬಂದದ್ದು ನೆಮ್ಮದಿ.

ಇನ್ಸ್‌ಪೆಕ್ಟರು ಜೀಪಿನಲ್ಲಿ ಬಂದರು. ಮೊದಲು ಎಳನೀರು ಕುಡಿದರು, ಆಮೇಲೆ ಜೀಪಿಗೂ ಒಂದಷ್ಟು ಗೊನೆ ತುಂಬಿಸಿದರು. ಸರ್ಕಾರಿ ಜೀಪಿಗೂ ಬಾಯಾರಿಕೆ ಆಗುತ್ತದೆ ಎಂದು ಗೊತ್ತಾದದ್ದು ಅಂದೇ. ಕಟ್ಟೆಯ ಏರಿಯ ಮೇಲೆ ಗೂಟಕ್ಕೆ ಸುಲಿದ ತೆಂಗಿನಕಾಯಿ ಸಿಕ್ಕಿಸಿ ಅರಿಶಿನ ಕುಂಕುಮ ಹಚ್ಚಿದ್ದರು. ಊರಿನವರು ಹಿಂದೆ ಸೇರಿದ್ದರು. ಹೊಂಗೆಮರದ ಕೆಳಗೆ ಗಂಗಮ್ಮ ಮಜ್ಜಿಗೆಯ ತಂಬಿಗೆ ಹಿಡಿದು ಕೂತಿದ್ದರು. ಮಾಲಿಂಗ ರೂಢಿಯ ಹಾಗೆ ಬಂಡೆಯ ಕಡೆ ಹೊರಟ.

"ಏಯ್, ಎಲ್ಲಿಗಯ್ಯಾ?" ಎಂದರು ಇನ್ಸ್‌ಪೆಕ್ಟರು.

"ತಾಗ್ತೋ ಇಲ್ವೋ ನೋಡಕ್ಕೆ ಸಾರ್."

"ತಲೆ ಕೆಟ್ಟಿದೆಯಾ? ಕೋವಿ ಮುಂದೆ ಯಾರೂ ಇರಕೂಡದು. ಬಾ ಈ ಕಡೆ."

ಮಾಲಿಂಗ ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. ಅವನು ಬಂದು ನನ್ನ ಪಕ್ಕದಲ್ಲಿ ನಿಂತ. ಯಜಮಾನರು ಮೀಸೆ ತೀಡಿ, ರೈಫಲ್ಲನ್ನು ಕಣ್ಣಿಗೊತ್ತಿಕೊಂಡು ಹೊಡೆದರು. ಏರಿಯ ಮಣ್ಣು ಎಲ್ಲೋ ಹಾರಿತು. ಕುಂಕುಮದ ಕಾಯಿ ಹಾಗೇ ಇತ್ತು. ಎಲ್ಲರೂ "ತಾಗ್ತು" ಎಂಬ ಕೂಗಿಗೆ ಕಿವಿಗೊಟ್ಟು ನಿಂತಿದ್ದರು. ಕೂಗುವವನು ನನ್ನ ಪಕ್ಕದಲ್ಲಿದ್ದ. ಇನ್ನೊಮ್ಮೆ ಹೊಡೆದರು. ಏರಿಯಾಚೆಯ ಇನ್ನೊಂದು ಹೊಂಗೆಯ ಕೊಂಬೆ ಬಿತ್ತು. ಮತ್ತೊಮ್ಮೆ ಹೊಡೆದರು. ಆ ಗುಂಡು ಎಲ್ಲಿ ಹೋಯಿತೋ ಇವತ್ತಿಗೂ ತಿಳಿಯದು.

ಜನರಲ್ಲಿ ಯಾರೋ ಕಿಸಕ್ಕೆಂದರು. ಯಜಮಾನರ ಮುಖ ಕೆಂಪಗಾಯಿತು. ರೈಫಲ್ಲನ್ನು ನನ್ನ ಎದೆಗೆ ಒತ್ತಿ ಕೊಟ್ಟು, "ನೋಡಿದ್ರಾ ಸಾರ್? ಇಷ್ಟು ವರ್ಷ ಒಂದೇಟೂ ತಪ್ಪಿದ್ದಿಲ್ಲ. ಸಾಬ್ರು ಮರ ಕೆಡಿಸಿ ಮಡಗವ್ರೆ. ಇಂಥೋರ್ಗೆ ಲೈಸನ್ಸು ಬ್ಯಾರೆ ಕೇಡು!" ಎಂದರು.

ಇನ್ಸ್‌ಪೆಕ್ಟರು ನನ್ನ ಕಡೆ ನೋಡಿದರು. "ಏನ್ರೀ, ಏನು ಹೇಳ್ತೀರಿ?"

ನನ್ನ ಬಾಯಲ್ಲಿದ್ದದ್ದು ಒಂದೇ ಮಾತು, ಚಾಚಾ ಕಲಿಸಿದ್ದು. ಮರದ್ದೇ ತಪ್ಪು. ಅದನ್ನು ಹೇಳಿದರೆ ನನ್ನ ಕತ್ತು ನಾನೇ ಕೊಯ್ದುಕೊಂಡಂತೆ. ಹೇಳದಿದ್ದರೆ ಬೇರೆ ಏನು ಹೇಳಬೇಕೋ ಗೊತ್ತಿರಲಿಲ್ಲ. ಆಗ ಪಕ್ಕದಿಂದ ಮಾಲಿಂಗನ ದನಿ ಕೇಳಿತು.

"ಭಾವ, ಮರ ಸರಿಯಾಗೇ ಐತೆ."

"ನೀನು ಬಾಯ್ಮುಚ್ಕೊಂಡಿರ್ಲಾ."

"ಸರಿಯಾಗೈತೆ ಭಾವ. ನೀವು ಟ್ರಿಗರ್ ಎಳಿಯೋವಾಗ ಎರಡು ಕಣ್ಣೂ ಮುಚ್ಕೋತೀರ. ಹುಣಿಸೇಹಣ್ಣು ಕಚ್ದೋರಂಗೆ ಮಖ ಕಿವುಚ್ಕೊಂಡು ಮುಚ್ಕೋತೀರ. ಇವ್ರೆಲ್ಲ ನಿಮ್ಮ ಬೆನ್ನಿಂದೆ ನಿಂತೋರು, ಇವ್ರಿಗೆ ಹೆಂಗೆ ಕಾಣ್ತದೆ? ಎದುರಿಗೆ ಕೂತಿದ್ದೋನು ನಾನೊಬ್ನೇ. ಬಂಡೆ ಸಂದೀಲಿ ನಿಮ್ಮ ಕಣ್ಣೇ ನೋಡ್ತಾ ಕೂತಿರ್ತಿದ್ದೆ. ಕಣ್ಣು ಮುಚ್ಚಿದ್ರೋ, ಗುಂಡು ಬಂತು ಅಂತ ತಲೆ ತಗ್ಗಿಸ್ತಿದ್ದೆ. ಹಂಗೇ ಬದುಕ್ಕೊಂಡೆ. ಚಿಪ್ಪು ಒಡೀತಿದ್ದೋನೂ ನಾನೇ."

ಹೊಂಗೆಮರದ ಕೆಳಗೆ ಗಂಗಮ್ಮ ತಂಬಿಗೆಯನ್ನು ನೆಲಕ್ಕಿಟ್ಟು ಸೆರಗನ್ನು ಬಾಯಿಗೆ ಒತ್ತಿಕೊಂಡರು. ಅದು ನಗುವೋ ಅಳುವೋ ನನಗೆ ತಿಳಿಯಲಿಲ್ಲ.

ಇನ್ಸ್‌ಪೆಕ್ಟರಿಗೆ ತಾವೇ ಹೊಡೆದು ನೋಡುವ ಧೈರ್ಯ ಬರಲಿಲ್ಲ. ಡ್ಯೂಟಿಯಲ್ಲಿದ್ದೀನಿ ಎಂದು ಏನೋ ಹೇಳಿ ತಮ್ಮ ಹಳೆಯ ಕಾನ್‌ಸ್ಟೇಬಲ್ಲನ್ನು ಕರೆದರು. ಹೊಟ್ಟೆಯ ಮೇಲೆ ಬೆಲ್ಟು ನಿಲ್ಲದ ಆ ಮನುಷ್ಯ ಬಾಯಲ್ಲಿದ್ದ ಎಲೆಅಡಿಕೆ ಉಗಿದು ಬಂದ. ರೈಫಲ್ಲು ಎತ್ತಿ, ದೊಡ್ಡ ವಿಷಯವೇ ಅಲ್ಲ ಎನ್ನುವ ಹಾಗೆ ಹೊಡೆದ. ಕುಂಕುಮದ ಕಾಯಿ ಚೂರುಚೂರಾಯಿತು.

"ಮರ ಚೆನ್ನಾಗೈತೆ ಸಾರ್" ಎಂದ. "ಆ ಕಾಯಿ ಚೂರು ಯಾರಾದ್ರೂ ಆರಿಸ್ಕೊಳ್ಳಿ, ವೇಸ್ಟಾಗ್ತದೆ."

ನನ್ನ ಲೈಸೆನ್ಸು ಬಂತು. ಮಾಲಿಂಗನ ಊಟ ಹೋಯಿತು. ಜನ ಚದುರುವ ಮುಂಚೆಯೇ ಯಜಮಾನರು ಅವನಿಗೆ ಕೇಳಿಸುವ ಹಾಗೆ, "ನಮ್ಮ ಹೊಸಿಲು ತುಳೀಬ್ಯಾಡ" ಎಂದಿದ್ದರು. ಎರಡು ದಿನ ಬಿಟ್ಟು ಅವನು ಒಂದು ಬಟ್ಟೆಯ ಗಂಟು ಹಿಡಿದು ನಮ್ಮ ಅಂಗಡಿಯ ಮುಂದೆ ನಿಂತಿದ್ದ. ನನಗೆ ನಾಚಿಕೆಯಾಯಿತು. ಅವನನ್ನು ಕರೆತರಲು ನಾನೇ ಹೋಗಬೇಕಾಗಿತ್ತು. ಸೈಕಲ್ಲು ಬಿಚ್ಚಿದ ಕೈ, ಮರಕ್ಕೆ ಬೇಗ ಹೊಂದಿಕೊಂಡಿತು.

ಚಾಚಾ ಮಾತ್ರ ತಲೆಯಾಡಿಸಿದರು. "ನಿಜ ಹೇಳೋನ್ನ ಅಂಗಡೀಲಿ ಇಟ್ಕೊಂಡ್ರೆ ಗಿರಾಕಿ ಹತ್ರ ಬರ್ತಾರೇನೋ, ಪಾಗಲ್?"

ಅವರ ಭಯ ಸುಳ್ಳಾಗಲಿಲ್ಲ. ಅಂದಿನಿಂದ ನಮ್ಮ ಪದ್ಧತಿ ಬದಲಾಯಿತು. ಬಂದವರ ಕೋವಿ ಖಾಲಿಯಿದೆಯೇ ಎಂದು ನಾನು ಬೋಲ್ಟು ತೆಗೆದು ನೋಡುತ್ತಿದ್ದೆ. ಆಮೇಲೆ ಅವರು ಗೋಡೆಯ ಕಡೆ ಗುರಿಯಿಟ್ಟು ಟ್ರಿಗರ್ ಎಳೆಯಬೇಕು. ಮಾಲಿಂಗ ಪಕ್ಕದಲ್ಲಿ ನಿಂತು ಅವರ ಕಣ್ಣು ನೋಡುತ್ತಿದ್ದ. "ಮುಚ್ತಾರೆ" ಎಂದನೆಂದರೆ ನಾವು ಮರ ಮುಟ್ಟುತ್ತಿರಲಿಲ್ಲ. ಕೆಲವರು ನಕ್ಕು ಕಲಿತರು. ಹಲವರು ಬೈದು ಬೇರೆ ಊರಿನ ಅಂಗಡಿಗೆ ಹೋದರು. ಅಲ್ಲಿ ಅವರ ಮರದ್ದೇ ತಪ್ಪು ಎಂದು ಯಾರೋ ಕೈಮುಗಿದು ಹೇಳಿರುತ್ತಾರೆ. ಈ ಕಸುಬಿಗೆ ಬರುವವರಿಗೆ ನಾನು ಹೇಳುವುದು ಇಷ್ಟೇ, ಮರ ಬಿಚ್ಚುವ ಮುಂಚೆ ಕಣ್ಣು ನೋಡಿ. ಆದಾಯ ಕಡಿಮೆಯಾಗುತ್ತದೆ, ಅದಕ್ಕೆ ನಾನು ಹೊಣೆಯಲ್ಲ.

ಮಾಲಿಂಗ ಚುರುಕಾಗಿ ಕೆಲಸ ಮಾಡುತ್ತಿದ್ದ, ನಗುತ್ತಿದ್ದ. ಆದರೆ ದಂಡಿನಶಿವರದ ಬಸ್ಸು ಹಾರ್ನ್ ಮಾಡಿದಾಗ ಅವನ ಕೈಯ ಉಳಿ ಒಂದು ಗಳಿಗೆ ನಿಲ್ಲುತ್ತಿತ್ತು. ಅಕ್ಕನನ್ನು ನೋಡದೆ ವರ್ಷಗಳೇ ಆಗಿದ್ದವು. ಹಬ್ಬಕ್ಕೆ ಗಂಗಮ್ಮ ಬಸ್ಸಿನ ಕಂಡಕ್ಟರ್ ಕೈಲಿ ಒಬ್ಬಟ್ಟು ಕಳಿಸುತ್ತಿದ್ದರು. ಅವನು ನಮಗೆಲ್ಲ ಹಂಚಿ ತಾನು ಕೊನೆಗೆ ತಿನ್ನುತ್ತಿದ್ದ.

ಚಾಚಾ ಹೋದ ಮೇಲೆ, ಒಂದು ಮಧ್ಯಾಹ್ನ ಯಜಮಾನರು ಒಬ್ಬರೇ ಅಂಗಡಿಗೆ ಬಂದರು. ಮೀಸೆ ಬೆಳ್ಳಗಾಗಿತ್ತು. ಒಂದು ಕೈಯಲ್ಲಿ ರೈಫಲ್ಲು, ಇನ್ನೊಂದರಲ್ಲಿ ಛತ್ರಿ. ಹಿಂದಿನ ಕೋಣೆಯಲ್ಲಿ ಹತ್ತರಿ ತಳ್ಳಿ ಮರ ನುಣುಪು ಮಾಡುತ್ತಿದ್ದ ಮಾಲಿಂಗ ಸದ್ದು ನಿಲ್ಲಿಸಿದ.

"ನೀವೇನಾದ್ರೂ ಅನ್ಕೊಳ್ಳಿ ಸಾಬ್ರೇ" ಎಂದು ಯಜಮಾನರು ಕೂತರು. "ಇವನು ಹೋದ್ಮೇಲೆ ಬಂಡೆ ಹಿಂದಕ್ಕೆ ಬ್ಯಾರೆ ಒಬ್ಬನ್ನ ಮಡಗಿದ್ದೆ. ಎಲ್ಲ ಗುಂಡೂ ತಾಗ್ತಾ ಐತೆ ಅಂತಿದ್ದ. ನಂಗೂ ಅನುಮಾನ ಬಂತು. ಮೊನ್ನೆ ಗುಂಡೇ ಹಾಕ್ದೆ ಎಳೆದೆ. ಬರೀ ಟಿಕ್ ಅಂತು. ಆ ನನ್ಮಗ ಚಿಪ್ಪು ಒಡೆದು, ತಾಗ್ತು ಯಜಮಾನ್ರೇ ಅಂತ ಕೂಗ್ದ."

ನಾನು ನಗು ತಡೆದುಕೊಂಡೆ. ಯಜಮಾನರು ನಗಲಿಲ್ಲ. ಎದ್ದು, ಬೋಲ್ಟು ತೆಗೆದು ಖಾಲಿಯೆಂದು ನನಗೆ ತೋರಿಸಿ, ಗೋಡೆಯ ಕಡೆ ತಿರುಗಿ ರೈಫಲ್ಲನ್ನು ಹೆಗಲಿಗೆ ಏರಿಸಿದರು.

"ಲೇ ಮಾಲಿಂಗ, ಬಾ ಇಲ್ಲಿ. ಇನ್ನೂ ಮುಚ್ತೀನಾ ನೋಡ್ಲಾ."

ಮಾಲಿಂಗ ಬಂದು ಪಕ್ಕದಲ್ಲಿ ನಿಂತ. ಅವನಿಗೆ ಅಕ್ಕನ ಮನೆಯ ಬಾಗಿಲು ತೆರೆಯಲು ಎರಡಕ್ಷರದ ಸುಳ್ಳು ಸಾಕಾಗಿತ್ತು. ಇಲ್ಲ ಎಂದುಬಿಡಪ್ಪಾ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಟಿಕ್ ಎಂದು ಸದ್ದಾಯಿತು. ಯಜಮಾನರು ಹಾಗೆಯೇ ಗೋಡೆ ನೋಡುತ್ತ ನಿಂತಿದ್ದರು.

"ಮುಚ್ತೀರ ಭಾವ" ಎಂದ ಮಾಲಿಂಗ.

ಯಜಮಾನರು ರೈಫಲ್ಲು ಇಳಿಸಿದರು. ಅದನ್ನು ಬೆಂಚಿನ ಮೇಲಿಟ್ಟರು. ಆಮೇಲೆ ಅವನ ಮುಖವನ್ನೇ ನೋಡುತ್ತ ಹೇಳಿದರು. "ನಿಮ್ಮಕ್ಕ ಬಾಗಿಲಲ್ಲೇ ಕೂತಿರ್ತಾಳೆ ಕಣ್ಲಾ. ನಡಿ, ಬಸ್ಸಿಗೆ ಹೊತ್ತಾಯ್ತು."

ಮಾಲಿಂಗ ಕೈಯ ಮರದ ಪುಡಿಯನ್ನು ಪಂಚೆಗೆ ಒರೆಸಿಕೊಂಡ. ನನ್ನ ಕಡೆ ನೋಡಿದ. ನಾನು ಹೋಗು ಎಂದು ಕೈಯಾಡಿಸಿದೆ. ಗೋಡೆಗೆ ಒರಗಿಸಿದ್ದ ಛತ್ರಿಯನ್ನು ಯಜಮಾನರೇ ಎತ್ತಿಕೊಂಡರು. ಇಬ್ಬರೂ ಹೊಸಿಲು ದಾಟಿ ಗಲ್ಲಿಗೆ ಇಳಿದರು. ಒಂದಿಷ್ಟು ಹೋದ ಮೇಲೆ ಯಜಮಾನರು ಏನೋ ನೆನಪಾದವರಂತೆ ಹಿಂದೆ ತಿರುಗಿ, ಬೆಂಚಿನ ಮೇಲೆ ಬಿಟ್ಟಿದ್ದ ರೈಫಲ್ಲನ್ನು ತೋರಿಸಿದರು.

"ಆದ್ರೂ ಒಂದ್ಸಲ ಮರ ನೋಡ್ಬುಡಿ ಸಾಬ್ರೇ. ಒಂಚೂರು ಎಡಕ್ಕೆ ಎಳೀತದೆ."

"ಆಗ್ಲಿ ಯಜಮಾನ್ರೇ, ನೋಡ್ತೀನಿ" ಎಂದೆ.